ದಣಿವಿನ ಲೆಕ್ಕ

ತ್ರೈರಾಶಿಯ ಲೆಕ್ಕವನ್ನು ಮಾಡದೆ ಶಾಲೆಯ ಮೆಟ್ಟಿಲಿಳಿದವರು ಇರಲಾರರು. ಒಂದು ರೈಲು ಒಂದು ಗಂಟೆಯಲ್ಲಿ 50 ಕಿಲೋಮೀಟರ್ ಸಾಗಿದರೆ ನಾಲ್ಕು ಗಂಟೆಗಳಲ್ಲಿ 200 ಕಿಲೋಮೀಟರ್ ಸಾಗುತ್ತದೆ. ಮೂರು ಸಂಖ್ಯೆಗಳು ತಿಳಿದರೆ ಸಾಕು, ನಾಲ್ಕನೆಯದು ತಾನಾಗಿಯೇ ದೊರೆಯುತ್ತದೆ. ಆದರೆ ಇದೇ ಲೆಕ್ಕವನ್ನು ಓಡುವ ಮನುಷ್ಯನಿಗೆ ಅನ್ವಯಿಸಿದೊಡನೆ ಉತ್ತರ ತಪ್ಪುತ್ತದೆ. 5 ಕಿಲೋಮೀಟರ್ ದೂರವನ್ನು ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ 25 ನಿಮಿಷಗಳಲ್ಲಿ ಓಡಿದವನು 10 ಕಿಲೋಮೀಟರನ್ನು 50 ನಿಮಿಷಗಳಲ್ಲಿ ಓಡಿ ಮುಗಿಸಲಾರ. ರೈಲಿಗೆ ದಣಿವೆಂಬುದಿಲ್ಲ, ಮನುಷ್ಯನಿಗೆ ಉಂಟು. ಇಷ್ಟನ್ನು ಹೇಳಲು ಗಣಿತ ಬೇಕಾಗಿಲ್ಲ. ಆದರೆ ಅವನಿಗೆ ಹೆಚ್ಚಾಗಿ ಬೇಕಾಗುವ ವೇಳೆ ಎಷ್ಟು? ಎರಡು ನಿಮಿಷವೋ, ಐದು ನಿಮಿಷವೋ, ಹತ್ತು ನಿಮಿಷವೋ? ಒಬ್ಬ ಓಟಗಾರನು ಇತ್ತೀಚೆಗೆ ಓಡಿದ ಒಂದು ಓಟದ ಫಲಿತಾಂಶ ಕೈಯಲ್ಲಿದ್ದರೆ, ಅವನು ಮುಂದೆ ಓಡಲಿರುವ ಇನ್ನೊಂದು ದೂರದ ಓಟಕ್ಕೆ ಎಷ್ಟು ವೇಳೆ ತೆಗೆದುಕೊಳ್ಳುವನೆಂದು ಮುಂಚಿತವಾಗಿ ಹೇಳಲು ಬರುವುದೇ? ದಣಿವಿಗೂ ಒಂದು ಲೆಕ್ಕವಿದೆಯೇ? ನೂರು ವರ್ಷಗಳಿಗೂ ಹಿಂದಿನಿಂದ ವಿಜ್ಞಾನಿಗಳೂ ಎಂಜಿನಿಯರುಗಳೂ ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು 1952ನೆಯ ಇಸವಿಯ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಫಿನ್ಲೆಂಡಿನ ಆ ರಾಜಧಾನಿಯಲ್ಲಿ ಜುಲೈ ತಿಂಗಳಿನಲ್ಲಿ ನಡೆದ ಕ್ರೀಡೆಗಳಿಗೆ ಚೆಕೊಸ್ಲೊವಾಕಿಯದಿಂದ ಎಮಿಲ್ ಜಾಟೊಪೆಕ್ ಎಂಬ ಓಟಗಾರನು ಬಂದಿದ್ದನು. ಅವನು ಬಡಗಿಯೊಬ್ಬನ ಮಗ. ಹದಿಹರೆಯದಲ್ಲಿ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದು, ಅನಂತರ ಸೈನ್ಯವನ್ನು ಸೇರಿದವನು. ಓಡುವಾಗ ಅವನ ಮುಖ ವೇದನೆಯಿಂದ ಕಿವುಚಿಕೊಳ್ಳುತ್ತಿತ್ತು, ತಲೆ ಅತ್ತಿತ್ತ ವಾಲಾಡುತ್ತಿತ್ತು. ನೋಡಿದವರಿಗೆ ಇವನು ಇನ್ನೇನು ಬಿದ್ದೇ ಬಿಡುವನೆಂದು ತೋರುತ್ತಿತ್ತು. ಆದರೆ ಅವನು ಬೀಳುತ್ತಿರಲಿಲ್ಲ. ಹಿಂದೆ ಬೀಳುತ್ತಿದ್ದವರು ಇತರರು.

ಜುಲೈ 20ರಂದು ಅವನು 10,000 ಮೀಟರ್ ಓಟವನ್ನು 29 ನಿಮಿಷ 17 ಸೆಕೆಂಡುಗಳಲ್ಲಿ ಗೆದ್ದನು. 24ರಂದು 5,000 ಮೀಟರ್ ಓಟವನ್ನು 14 ನಿಮಿಷ 6.6 ಸೆಕೆಂಡುಗಳಲ್ಲಿ ಗೆದ್ದನು. ಅದೇ ದಿನ ಅವನ ಪತ್ನಿ ಡಾನಾ ಭರ್ಜಿ ಎಸೆತದಲ್ಲಿ ಚಿನ್ನದ ಪದಕ ಪಡೆದಳು. ಇಷ್ಟರಿಂದಲೂ ತೃಪ್ತನಾಗದೆ ಜಾಟೊಪೆಕ್ 27ರಂದು ಮ್ಯಾರಥಾನ್ ಓಟಕ್ಕೆ ನಿಂತನು. ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರುಗಳ ದೀರ್ಘ ಓಟ. ಅಷ್ಟು ದೂರದ ಸ್ಪರ್ಧೆಯಲ್ಲಿ ಅವನು ಅದಕ್ಕೆ ಮೊದಲು ಒಮ್ಮೆಯೂ ಓಡಿದವನಲ್ಲ. ಯಾವ ವೇಗದಿಂದ ಓಡಬೇಕೆಂಬುದು ಸಹ ಅವನಿಗೆ ನಿಶ್ಚಯವಿರಲಿಲ್ಲ. ಆಗ ಮ್ಯಾರಥಾನಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಇಂಗ್ಲೆಂಡಿನ ಜಿಮ್ ಪೀಟರ್ಸ್. ಅವನು ಆರು ವಾರಗಳ ಹಿಂದೆಯಷ್ಟೆ ಆ ದೂರವನ್ನು 2 ಗಂಟೆ 20 ನಿಮಿಷ 42 ಸೆಕೆಂಡುಗಳಲ್ಲಿ ಕ್ರಮಿಸಿದ್ದನು. ಜಾಟೊಪೆಕ್ ಅವನ ಬೆನ್ನನ್ನೇ ಹಿಡಿದು ಓಡಿದನು. ದಾರಿಯ ನಡುವೆ ಅವನ ಪಕ್ಕಕ್ಕೆ ಬಂದು, ಈ ವೇಗ ಸರಿಯಾಗಿದೆಯೇ ಎಂದು ಕೇಳಿದನೆಂದೂ, ಪೀಟರ್ಸ್ ತನ್ನ ಬಳಲಿಕೆಯನ್ನು ತೋರಗೊಡದೆ ವೇಗ ಸಾಲದೆಂದು ಹೇಳಿದನೆಂದೂ, ಅದನ್ನು ನಿಜವೆಂದೇ ನಂಬಿ ಜಾಟೊಪೆಕ್ ಮುಂದೆ ಸರಿದನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಹೇಳುವವರ ಬಾಯಲ್ಲಿ ಮಾತುಗಳು ಬದಲಾಗುತ್ತವೆ, ಸಾರ ಮಾತ್ರ ಒಂದೇ. ಪೀಟರ್ಸ್ 30 ಕಿಲೋಮೀಟರ್ ದಾಟಿದ ಮೇಲೆ ಓಟವನ್ನು ಬಿಟ್ಟುಬಿಡಬೇಕಾಯಿತು. ಜಾಟೊಪೆಕ್ 2 ಗಂಟೆ 23 ನಿಮಿಷ 3 ಸೆಕೆಂಡುಗಳಲ್ಲಿ ಕ್ರೀಡಾಂಗಣವನ್ನು ಮುಟ್ಟಿ, ಎರಡನೆಯವನಿಗಿಂತ ಎರಡೂವರೆ ನಿಮಿಷ ಮುಂಚಿತವಾಗಿ ಗೆದ್ದನು.

ಒಬ್ಬನೇ ಮನುಷ್ಯ, ಒಂದೇ ಊರು, ಎಂಟು ದಿನಗಳ ಅವಧಿ, ಮೂರು ಬೇರೆ ಬೇರೆ ದೂರಗಳು. ದಣಿವಿನ ಲೆಕ್ಕವನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿದೆ. ಇನ್ನು ಬೇಕಾದುದು ಸೂತ್ರ.

ಇಂಥ ಸೂತ್ರವನ್ನು ಹುಡುಕಿದವರಲ್ಲಿ ಮೊದಲಿಗನೆಂದು ಹೇಳಬಹುದಾದವನು ಆರ್ಥರ್ ಎಡ್ವಿನ್ ಕೆನೆಲಿ. ಅವನು ಹುಟ್ಟಿದುದು 1861ರಲ್ಲಿ, ಮುಂಬಯಿಯ ಕೊಲಾಬಾದಲ್ಲಿ. ವೃತ್ತಿಯಿಂದ ಅವನು ವಿದ್ಯುತ್ ಎಂಜಿನಿಯರ್; ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ. ರೇಡಿಯೋ ಅಲೆಗಳನ್ನು ಭೂಮಿಗೆ ಹಿಂದಿರುಗಿಸುವ ವಾಯುಮಂಡಲದ ಪದರವೊಂದಕ್ಕೆ ಅವನ ಹೆಸರೂ ಹೆವಿಸೈಡನ ಹೆಸರೂ ಸೇರಿವೆ. ಅಂಥವನು 1906ರಲ್ಲಿ ಓಟದ ಕುದುರೆಗಳ, ಓಡುವ ಮತ್ತು ಈಜುವ ಮನುಷ್ಯರ ದಾಖಲೆಗಳನ್ನೆಲ್ಲ ಕೂಡಿಹಾಕಿ, ದೂರವನ್ನು ಒಂದು ಅಕ್ಷದಲ್ಲಿ, ಕಾಲವನ್ನು ಇನ್ನೊಂದು ಅಕ್ಷದಲ್ಲಿ ಗುರುತಿಸಿ ನಕ್ಷೆಗಳನ್ನು ಬರೆದನು. ಅವನು ಬಳಸಿದುದು ಸಾಮಾನ್ಯ ನಕ್ಷೆಯ ಹಾಳೆಯನ್ನಲ್ಲ. ಲಾಗರಿದಮ್ ಮಾನದ ಹಾಳೆಯನ್ನು. ಅದರ ಮೇಲೆ ಬಿಂದುಗಳು ಚೆಲ್ಲಾಪಿಲ್ಲಿಯಾಗಿ ಹರಡದೆ ಬಹುಮಟ್ಟಿಗೆ ಒಂದು ಸರಳರೇಖೆಯಲ್ಲಿ ನಿಂತವು. ಕುದುರೆಯ ದಣಿವೂ ಮನುಷ್ಯನ ದಣಿವೂ ಒಂದೇ ರೀತಿಯ ನಿಯಮವನ್ನು ಪಾಲಿಸುತ್ತವೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ದೂರವು ಇಮ್ಮಡಿಯಾದರೆ ಕಾಲವು ಎರಡರಷ್ಟಲ್ಲ, ಸುಮಾರು 2.18ರಷ್ಟು ಆಗುತ್ತದೆಂದು ಕೆನೆಲಿ ಗಣಿಸಿದನು.

ಅನಂತರ 1925ರಲ್ಲಿ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಎ. ವಿ. ಹಿಲ್ ಇದೇ ದಾಖಲೆಗಳನ್ನು ಬೇರೊಂದು ದೃಷ್ಟಿಯಿಂದ ನೋಡಿದನು. ಸ್ನಾಯುಗಳ ಕಾರ್ಯವನ್ನು ಕುರಿತ ಸಂಶೋಧನೆಗಾಗಿ 1922ರ ನೊಬೆಲ್ ಬಹುಮಾನವನ್ನು ಪಡೆದ ಈತನು ಸ್ವತಃ ಓಟಗಾರನೂ ಆಗಿದ್ದನು. ಓಟದ ಅವಧಿ ಹೆಚ್ಚಿದಂತೆ ಸರಾಸರಿ ವೇಗವು ಮೊದಲು ಕಡಿದಾಗಿ ಇಳಿದು, ಕೆಲವು ನಿಮಿಷಗಳ ಅನಂತರ ಇಳಿಜಾರು ಮಂದವಾಗುತ್ತದೆ. ಅತಿ ಗಿಡ್ಡ ಓಟದಲ್ಲಿ ದೇಹವು ಆಮ್ಲಜನಕವನ್ನು ಸಾಲವಾಗಿಟ್ಟು ಶಕ್ತಿಯನ್ನು ವೆಚ್ಚಮಾಡಬಲ್ಲದು. ದೀರ್ಘ ಓಟದಲ್ಲಿ ಅಂಥ ಸಾಲಕ್ಕೆ ಎಡೆಯಿಲ್ಲ, ಶ್ವಾಸಕೋಶವೂ ಹೃದಯವೂ ಎಷ್ಟನ್ನು ಒದಗಿಸಬಲ್ಲವೋ ಅಷ್ಟರಲ್ಲಿಯೇ ಜೀವನ ಸಾಗಬೇಕು ಎಂದು ಹಿಲ್ ವಿವರಿಸಿದನು. ಕೆನೆಲಿಯ ಒಂದೇ ಸರಳರೇಖೆ ಎಲ್ಲ ಓಟಗಳಿಗೂ ಏಕೆ ಚೆನ್ನಾಗಿ ಹೊಂದಲಾರದೆಂಬುದು ಇದರಿಂದ ತಿಳಿಯುತ್ತದೆ. ಅವನು ಅತಿ ಗಿಡ್ಡ ಓಟಗಳನ್ನೂ ಅತಿ ದೀರ್ಘ ಓಟಗಳನ್ನೂ ಒಂದೇ ದಾರದಲ್ಲಿ ಪೋಣಿಸಲು ಹೊರಟಿದ್ದನು.

ಓಟಗಾರರ ಕೈಗೆ ನಿಜವಾಗಿ ಉಪಯೋಗಕ್ಕೆ ಬರುವ ಸೂತ್ರವನ್ನು ಕೊಟ್ಟವನು ಪೀಟರ್ ರೀಗೆಲ್ ಎಂಬ ಅಮೆರಿಕದ ಎಂಜಿನಿಯರ್. ಅವನು 1977ರಲ್ಲಿ ಓಟಗಾರರ ಪತ್ರಿಕೆಯೊಂದರಲ್ಲಿ ಅದನ್ನು ಪ್ರಕಟಿಸಿ, 1981ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಇನ್ನಷ್ಟು ವಿವರಿಸಿದನು. ಸೂತ್ರ ಹೀಗಿದೆ: ಹೊಸ ಓಟದ ದೂರವನ್ನು ಹಳೆಯ ಓಟದ ದೂರದಿಂದ ಭಾಗಿಸಬೇಕು, ಬಂದ ಭಾಗಲಬ್ಧವನ್ನು 1.06 ಎಂಬ ಘಾತಕ್ಕೆ ಏರಿಸಬೇಕು. ಅದರಿಂದ ಹಳೆಯ ಓಟದ ಕಾಲವನ್ನು ಗುಣಿಸಬೇಕು. ದಣಿವೆಲ್ಲವೂ ಅಡಗಿರುವುದು ಆ 1.06 ಎಂಬ ಘಾತಾಂಕದಲ್ಲಿ. ಅದು ಬರಿಯ 1 ಆಗಿದ್ದರೆ ಸೂತ್ರವು ತ್ರೈರಾಶಿಯೇ ಆಗುತ್ತಿತ್ತು, ಮನುಷ್ಯ ರೈಲಾಗುತ್ತಿದ್ದನು. ಒಂದರ ಮುಂದಿನ ಆ ಆರು ನೂರನೆಯ ಅಂಶವು ದಣಿವಿಗಾಗಿ ತೆರಬೇಕಾದ ಸುಂಕ. ರೀಗೆಲನ ಲೆಕ್ಕದಲ್ಲಿ ದೂರ ಇಮ್ಮಡಿಯಾದರೆ ಕಾಲವು 2.085ರಷ್ಟಾಗುತ್ತದೆ. ಎಂದರೆ ದೂರವು ಇಮ್ಮಡಿಯಾದಾಗಲೆಲ್ಲ ಓಟಗಾರನ ಸರಾಸರಿ ವೇಗ ನೂರಕ್ಕೆ ನಾಲ್ಕರಷ್ಟು ಕುಗ್ಗುತ್ತದೆ. ಮೊದಲು ಹೇಳಿದ ಓಟಗಾರನಿಗೆ 10 ಕಿಲೋಮೀಟರಿಗೆ ಬೇಕಾಗುವುದು 50 ನಿಮಿಷಗಳಲ್ಲ, 52 ನಿಮಿಷ 7 ಸೆಕೆಂಡುಗಳು. ಶಾಲೆಯ ಕ್ರೀಡಾಕೂಟದಲ್ಲಿ 1,500 ಮೀಟರನ್ನು 6 ನಿಮಿಷಗಳಲ್ಲಿ ಓಡಿದ ವಿದ್ಯಾರ್ಥಿಗೆ 3,000 ಮೀಟರಿಗೆ ಸುಮಾರು 12 ನಿಮಿಷ 31 ಸೆಕೆಂಡುಗಳು ಬೇಕಾಗುತ್ತವೆ.

ಈಗ ಹೆಲ್ಸಿಂಕಿಗೆ ಹಿಂದಿರುಗಬಹುದು. ಜಾಟೊಪೆಕ್ 5,000 ಮೀಟರಿಗೆ ತೆಗೆದುಕೊಂಡ 14 ನಿಮಿಷ 6.6 ಸೆಕೆಂಡುಗಳನ್ನು 2.085ರಿಂದ ಗುಣಿಸಿದರೆ 29 ನಿಮಿಷ 25 ಸೆಕೆಂಡುಗಳು ಬರುತ್ತವೆ. ಅವನು 10,000 ಮೀಟರನ್ನು ನಿಜವಾಗಿ ಓಡಿದುದು 29 ನಿಮಿಷ 17 ಸೆಕೆಂಡುಗಳಲ್ಲಿ. ವ್ಯತ್ಯಾಸ ಎಂಟು ಸೆಕೆಂಡುಗಳು ಮಾತ್ರ! ಕೆನೆಲಿಯ ನಿಯಮವನ್ನು ಅನುಸರಿಸಿದ್ದರೆ ಉತ್ತರ 30 ನಿಮಿಷ 46 ಸೆಕೆಂಡುಗಳಾಗಿ, ಒಂದೂವರೆ ನಿಮಿಷದಷ್ಟು ತಪ್ಪುತ್ತಿತ್ತು. ಓಟ ನಡೆದು ಇಪ್ಪತ್ತೈದು ವರ್ಷಗಳ ಅನಂತರ, ಬೇರೊಂದು ಖಂಡದಲ್ಲಿ ರಚಿತವಾದ ಸೂತ್ರವೊಂದು ಅಷ್ಟು ಹತ್ತಿರಕ್ಕೆ ಬರುವುದು ಆಶ್ಚರ್ಯವೇ ಸರಿ.

ಮ್ಯಾರಥಾನಿನ ವಿಷಯ ಹಾಗಲ್ಲ. 10,000 ಮೀಟರ್ ಓಟದ ಕಾಲದಿಂದ ಮ್ಯಾರಥಾನಿನ ಕಾಲವನ್ನು ಪಡೆಯಲು 4.6ರಿಂದ ಗುಣಿಸಬೇಕು. ಉತ್ತರ 2 ಗಂಟೆ 14 ನಿಮಿಷ 43 ಸೆಕೆಂಡುಗಳು. ಜಾಟೊಪೆಕ್ ತೆಗೆದುಕೊಂಡುದು ಅದಕ್ಕಿಂತ 8 ನಿಮಿಷಗಳಿಗೂ ಹೆಚ್ಚು ಕಾಲವನ್ನು. ಅವನ ಕಾಲುಗಳಲ್ಲಿ ಆಗಲೇ ಎರಡು ಅಂತಿಮ ಸ್ಪರ್ಧೆಗಳ ದಣಿವಿತ್ತು. 5,000 ಮೀಟರಿನ ಅರ್ಹತಾ ಓಟವೊಂದನ್ನೂ ಅವನು ನಡುವೆ ಓಡಿದ್ದನು. ಗೆಲುವು ಖಚಿತವಾದ ಮೇಲೆ ಪ್ರಾಣವನ್ನು ಪಣವಾಗಿಟ್ಟು ಓಡುವ ಅಗತ್ಯವೂ ಇರಲಿಲ್ಲ. ಆದರೂ ಕೊರತೆಯೆಲ್ಲವನ್ನೂ ಈ ಕಾರಣಗಳ ಮೇಲೆಯೇ ಹೊರಿಸುವುದು ಸರಿಯಲ್ಲ. ಮ್ಯಾರಥಾನಿನಲ್ಲಿ ಸೂತ್ರದ ಅರಿವಿಗೆ ಬಾರದ ಇನ್ನೊಂದು ಸಂಗತಿ ಇದೆ.

ಅದು ಆಹಾರದ ಸಂಗ್ರಹಕ್ಕೆ ಸೇರಿದುದು. ಓಡುವ ಸ್ನಾಯುವಿಗೆ ಮುಖ್ಯ ಇಂಧನವೆಂದರೆ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟಿರುವ ಗ್ಲೈಕೊಜೆನ್ ಎಂಬ ಪಿಷ್ಟದಂಥ ವಸ್ತು. ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಒಯ್ಯಲು ಓಟಗಾರನು ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿಯನ್ನು ವ್ಯಯಿಸುತ್ತಾನೆ. ಹಾಗಾದರೆ 60 ಕಿಲೋಗ್ರಾಂ ತೂಕದವನಿಗೆ ಮ್ಯಾರಥಾನ್ ಮುಗಿಸಲು ಸುಮಾರು 2,500 ಕಿಲೋಕ್ಯಾಲೊರಿ ಬೇಕು. ದೇಹದ ಗ್ಲೈಕೊಜೆನ್ ಕಣಜದಲ್ಲಿ ಇರುವುದಾದರೋ ಸುಮಾರು 2,000 ಮಾತ್ರ. ಉಳಿದುದನ್ನು ಕೊಬ್ಬಿನಿಂದ ಪಡೆಯಬೇಕು. ಕೊಬ್ಬು ದೇಹದಲ್ಲಿ ಬೇಕಾದಷ್ಟಿದೆ. ಆದರೆ ಅದು ಒಲೆಯಲ್ಲಿಟ್ಟ ಹಸಿ ಸೌದೆಯಂತೆ, ನಿಧಾನವಾಗಿ ಉರಿಯುತ್ತದೆ. ಮೊದಲಿನಿಂದಲೂ ಹದವಾದ ವೇಗದಲ್ಲಿ ಓಡಿದವನು ಕೊಬ್ಬನ್ನೂ ಗ್ಲೈಕೊಜೆನನ್ನೂ ಬೆರೆಸಿ ಬಳಸುತ್ತ ಕಣಜವನ್ನು ಕೊನೆಯವರೆಗೆ ಕಾಯ್ದುಕೊಳ್ಳುತ್ತಾನೆ. ಅತಿವೇಗದಿಂದ ಹೊರಟವನ ಕಣಜ 30 ಕಿಲೋಮೀಟರಿನ ಸುಮಾರಿಗೆ ಬರಿದಾಗುತ್ತದೆ. ಆಗ ಕಾಲುಗಳು ಸೀಸದಂತೆ ಭಾರವಾಗಿ, ಓಟ ನಡಿಗೆಯಾಗುತ್ತದೆ. 10 ಕಿಲೋಮೀಟರ್ ಓಟದಲ್ಲಿ ಈ ಕಣಜದ ತಳ ಕಾಣಿಸುವುದೇ ಇಲ್ಲ. ಆದಕಾರಣ ಆ ಓಟದ ಫಲಿತಾಂಶಕ್ಕೆ ಕಣಜದ ಆಳವೆಷ್ಟೆಂದು ಹೇಳುವ ಸಾಮರ್ಥ್ಯವೂ ಇಲ್ಲ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸಾಮಾನ್ಯ ಓಟಗಾರರ ವಿಷಯದಲ್ಲಿ ಸ್ಥಿರಪಡಿಸಿತು. ಎರಡು ಸಾವಿರಕ್ಕೂ ಹೆಚ್ಚು ಹವ್ಯಾಸಿ ಓಟಗಾರರ ಫಲಿತಾಂಶಗಳನ್ನು ಪರಿಶೀಲಿಸಿದಾಗ, ರೀಗೆಲನ ಸೂತ್ರವು ಅರ್ಧ ಮ್ಯಾರಥಾನಿನವರೆಗೆ ಚೆನ್ನಾಗಿ ಹೊಂದುವುದೆಂದೂ, ಪೂರ್ಣ ಮ್ಯಾರಥಾನಿಗೆ ಬಂದಾಗ ಅರ್ಧದಷ್ಟು ಮಂದಿಯ ವಿಷಯದಲ್ಲಿ ನಿಜವಾದ ಕಾಲಕ್ಕಿಂತ ಹತ್ತು ನಿಮಿಷ ಅಥವಾ ಅದಕ್ಕೂ ಹೆಚ್ಚು ಕಡಮೆಯ ಕಾಲವನ್ನು ತೋರಿಸುವುದೆಂದೂ ಕಂಡುಬಂದಿತು. ಅದನ್ನು ಬರೆದವರು ಹೊಸ ಸೂತ್ರವೊಂದನ್ನು ಸೂಚಿಸಿದರು. ಅದರಲ್ಲಿ ಹಿಂದಿನ ಓಟದ ಕಾಲದ ಜೊತೆಗೆ, ಓಟಗಾರನು ವಾರಕ್ಕೆ ಎಷ್ಟು ದೂರ ಅಭ್ಯಾಸಮಾಡುವನೆಂಬುದೂ ಲೆಕ್ಕಕ್ಕೆ ಸೇರುತ್ತದೆ. ಇದು ನ್ಯಾಯವೇ. ವಾರಕ್ಕೆ 100 ಕಿಲೋಮೀಟರ್ ಓಡುವವನನ್ನೂ 20 ಕಿಲೋಮೀಟರ್ ಓಡುವವನನ್ನೂ ಒಂದೇ ಘಾತಾಂಕದಿಂದ ಅಳೆಯುವುದು ಹೇಗೆ ಸಾಧ್ಯ?

ಈ ಅಂತರ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು. 10 ಕಿಲೋಮೀಟರನ್ನು 50 ನಿಮಿಷಗಳಲ್ಲಿ ಓಡಿದ ಒಬ್ಬನು ಮ್ಯಾರಥಾನಿಗೆ ಹೊರಡುತ್ತಾನೆಂದು ಭಾವಿಸಬಹುದು. ತ್ರೈರಾಶಿಯನ್ನು ನಂಬಿದರೆ ಅವನು 3 ಗಂಟೆ 31 ನಿಮಿಷಗಳಲ್ಲಿ ಗುರಿ ಮುಟ್ಟಬೇಕು, ಕಿಲೋಮೀಟರಿಗೆ 5 ನಿಮಿಷಗಳಂತೆ ಓಡಬೇಕು. ರೀಗೆಲನ ಸೂತ್ರವನ್ನು ನಂಬಿದರೆ 3 ಗಂಟೆ 50 ನಿಮಿಷಗಳು, ಕಿಲೋಮೀಟರಿಗೆ 5 ನಿಮಿಷ 27 ಸೆಕೆಂಡುಗಳು. ಅಭ್ಯಾಸ ಸಾಲದವನಿಗೆ ಇದಕ್ಕಿಂತಲೂ ಹೆಚ್ಚು ಕಾಲ ಬೇಕು. ಓಟದ ಮೊದಲ ಗಂಟೆಯಲ್ಲಿ ಕಿಲೋಮೀಟರಿಗೆ 27 ಸೆಕೆಂಡುಗಳ ವ್ಯತ್ಯಾಸ ಅವನಿಗೆ ಅರಿವಿಗೇ ಬರುವುದಿಲ್ಲ. ಸುತ್ತಲಿನ ಗುಂಪಿನ ಉತ್ಸಾಹದಲ್ಲಿ ಕಾಲುಗಳು ಹಗುರಾಗಿಯೇ ಇರುತ್ತವೆ. ಅದರ ಬೆಲೆ ತೆರಬೇಕಾಗುವುದು ಕೊನೆಯ 12 ಕಿಲೋಮೀಟರುಗಳಲ್ಲಿ.

ಸೂತ್ರಕ್ಕೆ ಇತರ ಮಿತಿಗಳೂ ಉಂಟು. ಅದು ಸುಮಾರು ಮೂರೂವರೆ ನಿಮಿಷಗಳಿಂದ 230 ನಿಮಿಷಗಳವರೆಗಿನ ಓಟಗಳಿಗೆ ಮಾತ್ರ ಎಂದು ರೀಗೆಲ್ ತಾನೇ ಹೇಳಿದ್ದನು. ಉಸೈನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿ, ಕೆಲವೇ ದಿನಗಳಲ್ಲಿ 200 ಮೀಟರನ್ನು 19.19 ಸೆಕೆಂಡುಗಳಲ್ಲಿ ಓಡಿದನು. ಇಲ್ಲಿ ಕಾಲವು ಹೆಚ್ಚುಕಡಮೆ ಎರಡರಷ್ಟೇ ಆಯಿತು. ನಿಂತ ನಿಲುವಿನಿಂದ ವೇಗವನ್ನು ಗಳಿಸಲು ಬೇಕಾಗುವ ಕಾಲ ಎರಡು ಓಟಗಳಿಗೂ ಒಂದೇ ಆದುದರಿಂದ ಗಿಡ್ಡ ಓಟಗಳ ಲೆಕ್ಕವೇ ಬೇರೆ. ಇನ್ನು ಆಧಾರವಾಗಿ ಹಿಡಿಯುವ ಓಟವು ಇತ್ತೀಚಿನದಾಗಿರಬೇಕು. ಕೆನ್ಯದ ಕೆಲ್ವಿನ್ ಕಿಪ್ಟಮ್ 2020ರಲ್ಲಿ ಅರ್ಧ ಮ್ಯಾರಥಾನನ್ನು 58 ನಿಮಿಷ 42 ಸೆಕೆಂಡುಗಳಲ್ಲಿ ಓಡಿದ್ದನು. ಅದರಿಂದ ಪೂರ್ಣ ಮ್ಯಾರಥಾನಿಗೆ ಬರುವ ಎಣಿಕೆ 2 ಗಂಟೆ 2 ನಿಮಿಷ 23 ಸೆಕೆಂಡುಗಳು. ಆದರೆ 2023ರಲ್ಲಿ ಚಿಕಾಗೋ ನಗರದಲ್ಲಿ ಅವನು 2 ಗಂಟೆ 35 ಸೆಕೆಂಡುಗಳಲ್ಲಿಯೇ ಓಡಿ ಮುಗಿಸಿದನು. ಮೂರು ವರ್ಷಗಳ ಹಿಂದಿನ ಕಿಪ್ಟಮನ ಅಳತೆ ಆಗಿನ ಕಿಪ್ಟಮನಿಗೆ ಹೊಂದಲಿಲ್ಲ.

ದಾರಿಯ ಉದ್ದವೂ ಸರಿಯಾಗಿರಬೇಕು. 10 ಕಿಲೋಮೀಟರ್ ಎಂದು ಹೇಳಿದ ದಾರಿ ನಿಜವಾಗಿ 9.8 ಕಿಲೋಮೀಟರ್ ಆಗಿದ್ದರೆ, ಮ್ಯಾರಥಾನಿನ ಎಣಿಕೆ ಸುಮಾರು ಐದು ನಿಮಿಷ ತಪ್ಪುತ್ತದೆ. ಸೂತ್ರವನ್ನು ರಚಿಸಿದ ರೀಗೆಲನೇ ಓಟದ ದಾರಿಗಳನ್ನು ಕರಾರುವಾಕ್ಕಾಗಿ ಅಳೆಯುವ ಕೆಲಸದಲ್ಲಿಯೂ ಬಹಳ ಶ್ರಮಿಸಿದನೆಂಬುದು ಆಕಸ್ಮಿಕವಲ್ಲ. ಚಕ್ರದ ಸುತ್ತುಗಳನ್ನು ಎಣಿಸುವ ಸಾಧನವನ್ನು ಸೈಕಲ್ಲಿಗೆ ಅಳವಡಿಸಿ ದಾರಿಯನ್ನು ಅಳೆಯುತ್ತಾರೆ; ಕೊರತೆ ಬಾರದಿರಲೆಂದು ಕಿಲೋಮೀಟರಿಗೆ ಒಂದು ಮೀಟರನ್ನು ಕೂಡಿಸುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಮಿತಿ ಎಂದರೆ ಬಿಸಿಲು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪು ಮುಂಜಾನೆಯಲ್ಲಿ ಪಡೆದ ಕಾಲವನ್ನು ಮಂಗಳೂರಿನ ಕಡಲತೀರದ ಸೆಖೆಯಲ್ಲಿ ನಿರೀಕ್ಷಿಸುವಂತಿಲ್ಲ. ಸೆಖೆಯಲ್ಲಿ ಹೃದಯವು ರಕ್ತವನ್ನು ಸ್ನಾಯುಗಳಿಗೂ ಕಳುಹಿಸಬೇಕು, ಮೈಯನ್ನು ತಂಪುಗೊಳಿಸಲು ಚರ್ಮಕ್ಕೂ ಕಳುಹಿಸಬೇಕು. ಬೆವರಾಗಿ ನೀರು ಹೋದಂತೆಲ್ಲ ಹಂಚುವುದಕ್ಕೆ ಇರುವ ರಕ್ತವೇ ಕಡಮೆಯಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದೂ ಇಲ್ಲ. ಇದಾವುದೂ ಸೂತ್ರದಲ್ಲಿ ಸೇರಿಲ್ಲ. ತಂಪಿನಲ್ಲಿ ಪಡೆದ ಸಂಖ್ಯೆಯನ್ನು ಬಿಸಿಲಿನಲ್ಲಿಯೂ ಸಾಧಿಸಲು ಹೊರಟರೆ ಏನಾಗುವುದೆಂಬುದಕ್ಕೆ ಜಿಮ್ ಪೀಟರ್ಸನ ಕೊನೆಯ ಓಟವೇ ಸಾಕ್ಷಿ.

ಹೆಲ್ಸಿಂಕಿಯಲ್ಲಿ ಸೋತ ಪೀಟರ್ಸ್ ಅಧೀರನಾಗಲಿಲ್ಲ. 1953ರಲ್ಲಿ ಅವನು ಮ್ಯಾರಥಾನನ್ನು 2 ಗಂಟೆ 20 ನಿಮಿಷಗಳಿಗಿಂತ ಕಡಮೆ ಕಾಲದಲ್ಲಿ ಓಡಿದ ಮೊದಲಿಗನಾದನು. 1954ರ ಜೂನ್ ತಿಂಗಳಿನಲ್ಲಿ ಅದನ್ನು 2 ಗಂಟೆ 17 ನಿಮಿಷ 39 ಸೆಕೆಂಡುಗಳಿಗೆ ಇಳಿಸಿದನು. ಅದೇ ವರ್ಷ ಆಗಸ್ಟ್ 7ರಂದು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸಾಮ್ರಾಜ್ಯ ಕ್ರೀಡೆಗಳ ಮ್ಯಾರಥಾನ್ ನಡೆಯಿತು. ಬಿಸಿಲು ತೀಕ್ಷ್ಣವಾಗಿತ್ತು, ದಾರಿ ಏರುತಗ್ಗಿನದು. ಪೀಟರ್ಸ್ ತನ್ನ ವೇಗವನ್ನು ತಗ್ಗಿಸಲಿಲ್ಲ. ಅವನು ಕ್ರೀಡಾಂಗಣದ ಬಾಗಿಲನ್ನು ಹೊಕ್ಕಾಗ ಹಿಂದಿನವನಿಗಿಂತ ಸುಮಾರು 17 ನಿಮಿಷಗಳಷ್ಟು ಮುಂದಿದ್ದನು. ಉಳಿದಿದ್ದುದು ಕೆಲವು ನೂರು ಮೀಟರುಗಳು ಮಾತ್ರ. ಅಲ್ಲಿ ಅವನ ಕಾಲುಗಳು ಕುಸಿದವು. ಬಿದ್ದನು, ಎದ್ದನು, ನಾಲ್ಕು ಹೆಜ್ಜೆ ತೂರಾಡಿ ಮತ್ತೆ ಬಿದ್ದನು. ಸಾವಿರಾರು ಪ್ರೇಕ್ಷಕರು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆಯೇ ಹತ್ತು ನಿಮಿಷಗಳಿಗೂ ಹೆಚ್ಚು ಕಾಲ ಈ ಹೋರಾಟ ನಡೆಯಿತು. ಕೊನೆಗೆ ಅವನ ತಂಡದವನೊಬ್ಬನು ಮುಂದೆ ಬಂದು ಅವನನ್ನು ಹಿಡಿದುಕೊಂಡನು. ಗುರಿಯ ಗೆರೆಯನ್ನು ಪೀಟರ್ಸ್ ಮುಟ್ಟಿರಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ದರು, ಪ್ರಾಣ ಉಳಿಯಿತು. ಅನಂತರ ಅವನು ಯಾವ ಸ್ಪರ್ಧೆಯಲ್ಲಿಯೂ ಓಡಲಿಲ್ಲ.

ಆ ದಿನ ಓಟವನ್ನು ಆರಂಭಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟಲಿಲ್ಲ. ಗೆದ್ದವನು ಸ್ಕಾಟ್ಲೆಂಡಿನ ಜೋ ಮೆಕ್‌ಘೀ. ಅವನು ತೆಗೆದುಕೊಂಡ ಕಾಲ 2 ಗಂಟೆ 39 ನಿಮಿಷ 36 ಸೆಕೆಂಡುಗಳು; ಪೀಟರ್ಸ್ ಜೂನ್ ತಿಂಗಳಿನಲ್ಲಿ ಸಾಧಿಸಿದ್ದ ಕಾಲಕ್ಕಿಂತ ಸುಮಾರು 22 ನಿಮಿಷಗಳಷ್ಟು ಹೆಚ್ಚು.